ಹಿತ್ತಾಳೆಯ ಲೆಕ್ಕ, ಸೀಸದ ಮರೆವು

ಹಾರಿಸಿದ ರೈಫಲ್ ತೋಟಾದ ಖಾಲಿ ಕೊಳವೆಯನ್ನು ಅಮೆರಿಕದ ಅನೇಕ ಬೇಟೆಗಾರರು ಎಸೆಯುವುದಿಲ್ಲ. ಸಿಡಿತದ ಒತ್ತಡಕ್ಕೆ ಹಿಗ್ಗಿದ ಕೊಳವೆಗೆ ಜಿಡ್ಡು ಸವರಿ, ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರುತ್ತಾರೆ. ಉದ್ದ ಬೆಳೆದ ಬಾಯಿಯನ್ನು ಕತ್ತರಿಸಿ ನಯಗೊಳಿಸುತ್ತಾರೆ. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಬೆರೆತ ಈ ಹಿತ್ತಾಳೆ ಹಿಗ್ಗಿ ಕುಗ್ಗಿ ಗಡುಸಾದರೆ ಕತ್ತಿನಲ್ಲಿ ಬಿರುಕು ಬಿಡುತ್ತದೆ. ಆದ್ದರಿಂದ ಕತ್ತನ್ನಷ್ಟೇ ಕಾಯಿಸಿ ಹದಗೊಳಿಸುತ್ತಾರೆ. ನಮ್ಮ ಪಾತ್ರೆ ಬಡಿಯುವವರು ಬಲ್ಲ ವಿದ್ಯೆಯೇ ಇದು. ಹೀಗೆ ಒಂದೇ ಕೊಳವೆ ಹಲವು ಬಾರಿ ಮದ್ದು ತುಂಬಿಸಿಕೊಳ್ಳುತ್ತದೆ.

ಶ್ರಮ ಮೆಚ್ಚತಕ್ಕದ್ದೇ. ಆದರೆ ಇದನ್ನು ಪರಿಸರಪ್ರೇಮವೆಂದು ಕರೆಯುವುದು ಆತ್ಮವಂಚನೆ. ಕೈಗೆ ಮರಳುವುದು ಹಿತ್ತಾಳೆ. ಕಾಡಿನಲ್ಲಿ ಉಳಿಯುವುದು ಸೀಸ. ಗುಂಡೇಟು ತಿಂದ ಜಿಂಕೆಯ ಎಕ್ಸ್-ರೇಯಲ್ಲಿ ನೂರಾರು ಸೀಸದ ಕಣಗಳು ಕಾಣಬಹುದು. ಬೇಟೆಗಾರ ಬಿಟ್ಟುಹೋದ ಕರುಳನ್ನು ಹದ್ದುಗಳು ತಿನ್ನುತ್ತವೆ. 1982ರಲ್ಲಿ ಕೇವಲ 22 ಉಳಿದಿದ್ದ ಕ್ಯಾಲಿಫೋರ್ನಿಯಾ ಕಾಂಡೋರ್‌ಗಳನ್ನು ಸಾಕಿ, 1992ರಿಂದ ಮತ್ತೆ ಕಾಡಿಗೆ ಬಿಟ್ಟರೆ, ಅವುಗಳನ್ನು ಹೆಚ್ಚಾಗಿ ಕೊಂದದ್ದು ಇದೇ ವಿಷ. ಆ ರಾಜ್ಯ 2013ರಲ್ಲಿ ಕಾಯಿದೆ ಮಾಡಿ, 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ಣವಾಗಿ ನಿಷೇಧಿಸಿತು.

ತಾಮ್ರದ ಗುಂಡು ದುಬಾರಿ, ಹಗುರ, ಅದೇ ತೂಕಕ್ಕೆ ಉದ್ದ ಹೆಚ್ಚು ಎಂಬ ಆಕ್ಷೇಪವುಂಟು. ಅಂಗಡಿಯ ತೋಟಾ ಕೊಳ್ಳುವವನು ಹೀಗೆ ಗೊಣಗಿದರೆ ಕ್ಷಮಿಸಬಹುದು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆದು ಕೊಳವೆ ತಿದ್ದುವವನಿಗೆ ಆ ನೆಪ ಸಲ್ಲದು. ಗುಂಡನ್ನು ಆರಿಸುವವನು ಅವನೇ ಅಲ್ಲವೇ?

ಇದು ಪರದೇಶದ ಕಥೆಯೆಂದು ಮಲೆನಾಡು ನಿದ್ರಿಸಬೇಕಾಗಿಲ್ಲ. ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಅಪರಾಧ. ವನ್ಯಜೀವಿಗಳ ಬೇಟೆಗೆ 1972ರ ಕಾಯಿದೆಯ ತಡೆಯಿದೆ. ಆದರೂ ಬೆಳೆ ಕಾಯಲು ಪರವಾನಗಿ ಪಡೆದ ಕೋವಿಗಳುಂಟು, ಕದ್ದು ಹಾರಿಸುವ ಈಡುಗಳುಂಟು. ಚರೆಯೂ ಸೀಸವೇ. ರಣಹದ್ದುಗಳನ್ನು ನಾಶಮಾಡಿದ ಡೈಕ್ಲೋಫೆನಾಕ್ ಔಷಧವನ್ನು ಜಾನುವಾರುಗಳಿಗೆ ಕೊಡುವುದನ್ನು ಭಾರತ 2006ರಲ್ಲಿ ನಿಷೇಧಿಸಿತು. ಹಂದಿಯ ಮೈಯಲ್ಲಿ ಉಳಿದ ಚರೆಯನ್ನು ಕುರಿತು ಅದೇ ಎಚ್ಚರವೇಕಿಲ್ಲ?

ಮಲೆನಾಡಿನ ಮಣ್ಣು ಹುಳಿ. ಹುಳಿಮಣ್ಣಿನಲ್ಲಿ ಸೀಸ ಹೆಚ್ಚು ಸುಲಭವಾಗಿ ಕರಗುತ್ತದೆ. ರೈತರಿಗೆ 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ತಾಮ್ರವಿದೆ, ಸತುವಿದೆ. ಸೀಸವಿಲ್ಲ.