ಮೊದಲ ಕಿವಿ ಯಾರದು?

ಸೈನಿಕನ ಮನೆಯಲ್ಲಿ ಹೆಂಡತಿಗೋ ಮಗುವಿಗೋ ಏಟು ಬಿದ್ದರೆ ಅದನ್ನು ನೋಡಬೇಕಾದವರು ಯಾರು? ಮನೆಯ ಹಿರಿಯರೇ, ಪೊಲೀಸರೇ ಅಥವಾ ಅವನ ಸೇನೆಯೇ? ಬೇರೆ ಉದ್ಯೋಗಗಳಲ್ಲಿ ಈ ಪ್ರಶ್ನೆ ಏಳುವುದೇ ಕಡಿಮೆ. ಬ್ಯಾಂಕಿನ ಗುಮಾಸ್ತ ಮನೆಯಲ್ಲಿ ಕೈಯೆತ್ತಿದರೆ ಯಾರೂ ಮ್ಯಾನೇಜರನ ಬಳಿ ದೂರು ಒಯ್ಯುವುದಿಲ್ಲ. ಸೇನೆಯ ಮಾತು ಬೇರೆ. ಕ್ವಾರ್ಟರ್ಸ್ ಕೊಡುವುದು ಅದು, ಆಸ್ಪತ್ರೆ ಅದರದು, ಕ್ಯಾಂಟೀನು ಅದರದು, ಕೊನೆಗೆ ಪಿಂಚಣಿಯೂ ಅದರ ಕೈಯಿಂದಲೇ ಬರಬೇಕು. ಗಂಡ ಹೆಂಡತಿ ವರ್ಷದಲ್ಲಿ ಎಷ್ಟು ತಿಂಗಳು ಒಂದೇ ಸೂರಿನಡಿ ಇರಬಹುದು ಎಂಬುದನ್ನು ಕೂಡ ಪೋಸ್ಟಿಂಗ್ ಆದೇಶವೇ ತೀರ್ಮಾನಿಸುತ್ತದೆ. ಸಂಸಾರದೊಳಗೆ ಇಷ್ಟು ದೂರ ಬಂದ ಸಂಸ್ಥೆ, ಅಲ್ಲಿ ಹಿಂಸೆ ಕಂಡಾಗ ಮಾತ್ರ ಖಾಸಗಿ ವಿಷಯವೆಂದು ಹೊಸ್ತಿಲಾಚೆ ನಿಲ್ಲುವಂತಿಲ್ಲ. ಹೊಣೆ ಸೇನೆಯದೂ ಹೌದು. ಆ ಹೊಣೆಯನ್ನು ಯಾರ ಮೂಲಕ ಹೊರಬೇಕು ಎಂಬಲ್ಲಿ ನನ್ನ ತಕರಾರಿದೆ.

ಈ ಹೊಣೆಯನ್ನು ಬರಹದಲ್ಲಿ ಒಪ್ಪಿಕೊಂಡು ದೊಡ್ಡ ವ್ಯವಸ್ಥೆಯನ್ನೇ ಕಟ್ಟಿದ ದೇಶ ಅಮೆರಿಕ. ಅಲ್ಲಿನ ರಕ್ಷಣಾ ಇಲಾಖೆ 1981ರಲ್ಲೇ 'ಫ್ಯಾಮಿಲಿ ಅಡ್ವೊಕೆಸಿ ಪ್ರೋಗ್ರಾಂ' ಎಂಬ ಕಾರ್ಯಕ್ರಮಕ್ಕೆ ಆದೇಶ ಹೊರಡಿಸಿತು. ಗರ್ಭಿಣಿಯರ ಮತ್ತು ಎಳೆ ಮಕ್ಕಳಿರುವವರ ಮನೆಗೆ ನರ್ಸುಗಳು, ಸಮಾಜ ಕಾರ್ಯಕರ್ತರು ಹೋಗುತ್ತಾರೆ. ದಂಪತಿಗಳಿಗೆ ಆಪ್ತ ಸಮಾಲೋಚನೆ ಇದೆ, ಏಟು ತಿಂದವರ ಪರ ನಿಲ್ಲುವುದಕ್ಕೆಂದೇ ನೇಮಿಸಿದ ಸಿಬ್ಬಂದಿ ಇದ್ದಾರೆ. ಇಷ್ಟಿದ್ದೂ ಅಲ್ಲಿನ ಸಂಸತ್ತಿನ ಲೆಕ್ಕ ತಪಾಸಣಾ ಕಚೇರಿ 2021ರಲ್ಲಿ ಕೊಟ್ಟ ವರದಿಯ ಪ್ರಕಾರ, 2015ರಿಂದ 2019ರವರೆಗಿನ ಐದು ಆರ್ಥಿಕ ವರ್ಷಗಳಲ್ಲಿ ಸೇನೆಯೇ ಒಪ್ಪಿಕೊಂಡ ಕೌಟುಂಬಿಕ ದೌರ್ಜನ್ಯದ ಪ್ರಕರಣಗಳು 40,000ಕ್ಕೂ ಹೆಚ್ಚು. ಅವುಗಳಲ್ಲಿ ಶೇಕಡಾ 74ರಷ್ಟು ದೈಹಿಕ ಹಿಂಸೆಯವು.

ಸೇವೆ ಇದ್ದೂ ಜನ ಅದರ ಬಳಿ ಹೋಗದಿರಲು ಕಾರಣವೇನೆಂಬುದಕ್ಕೆ ಫೋರ್ಟ್ ಬ್ರ್ಯಾಗ್ ಉತ್ತರ ಕೊಡುತ್ತದೆ. ನಾರ್ತ್ ಕೆರೊಲೈನಾದ ಆ ಸೇನಾ ನೆಲೆಯಲ್ಲಿ 2002ರ ಬೇಸಿಗೆಯ ಆರು ವಾರಗಳೊಳಗೆ ನಾಲ್ವರು ಸೈನಿಕರ ಪತ್ನಿಯರು ಗಂಡಂದಿರ ಕೈಯಲ್ಲೇ ಸತ್ತರು. ಆ ಗಂಡಸರಲ್ಲಿ ಮೂವರು ಅಫ್ಘಾನಿಸ್ತಾನಕ್ಕೆ ಹೋಗಿಬಂದವರು. ಯುದ್ಧ ತಲೆ ಕೆಡಿಸಿತು ಎಂದರು ಕೆಲವರು, ಸೈನಿಕರಿಗೆ ಕೊಡುವ ಮಲೇರಿಯಾ ಮಾತ್ರೆಯ ದೋಷ ಎಂದರು ಇನ್ನು ಕೆಲವರು. ಆದರೆ ನಾಲ್ಕನೆಯವನು ಯುದ್ಧಕ್ಕೆ ಹೋಗಿರಲಿಲ್ಲ. ಸೇನೆ ಕಳಿಸಿದ ತನಿಖಾ ತಂಡ ಮಾತ್ರೆಯ ಕಾರಣವನ್ನು ಬದಿಗಿಟ್ಟು ಮುರಿದ ದಾಂಪತ್ಯ ಮತ್ತು ಒತ್ತಡದತ್ತ ಬೆರಳು ಮಾಡಿತು. ಜೊತೆಗೆ, ಸಹಾಯ ಕೇಳಿದರೆ ನೌಕರಿಯ ದಾರಿ ಮುಚ್ಚುತ್ತದೆ ಎಂಬ ಭಯ ಸೈನಿಕರಲ್ಲಿ ಬೇರೂರಿದೆ ಎಂದೂ ಹೇಳಿತು. ಭಯ ಗಂಡನಿಗಷ್ಟೇ ಅಲ್ಲ. ಅವನ ಬಡ್ತಿ ನಿಂತರೆ ಹೆಂಡತಿಯ ಒಲೆಯೂ ಆರುತ್ತದೆ. ಏಟು ಕೊಡುವ ಕೈಯೇ ಅನ್ನ ತರುವ ಕೈಯೂ ಆಗಿರುವಾಗ ದೂರು ಕೊಡುವವಳು ತನ್ನ ಮಕ್ಕಳ ಫೀಸು, ಔಷಧಿಗಳನ್ನೂ ಲೆಕ್ಕ ಹಾಕಲೇಬೇಕು.

ಈ ಲೆಕ್ಕವನ್ನು ಅರ್ಥಮಾಡಿಕೊಂಡ ಎರಡು ಕ್ರಮಗಳು ಅಲ್ಲಿವೆ. ಮೊದಲನೆಯದು ಹಣದ್ದು. ಮನೆಯವರ ಮೇಲೆ ದೌರ್ಜನ್ಯ ಎಸಗಿದ್ದಕ್ಕಾಗಿ ಸೈನಿಕ ನೌಕರಿ ಕಳೆದುಕೊಂಡರೆ ಹೆಂಡತಿ ಮಕ್ಕಳಿಗೆ 12ರಿಂದ 36 ತಿಂಗಳ ತನಕ ಸರಕಾರವೇ ಹಣ ಕೊಡುತ್ತದೆ. 1993ರ ಕಾನೂನಿನಿಂದ ಬಂದ ಈ ನೆರವು, ದೂರು ಕೊಟ್ಟವಳೇ ಬೀದಿಗೆ ಬೀಳುವ ಅನ್ಯಾಯವನ್ನು ಸ್ವಲ್ಪವಾದರೂ ತಡೆಯಿತು. ಎರಡನೆಯದು ಗುಟ್ಟಿನದು. ಏಟು ತಿಂದ ಹೆಂಡತಿ ತನ್ನ ಪರ ನಿಲ್ಲಲು ನೇಮಕವಾದ ಸಹಾಯಕಿಯ ಬಳಿಯೋ ವೈದ್ಯರ ಬಳಿಯೋ ಹೇಳಿಕೊಂಡು, ಗಂಡನ ಕಮಾಂಡರಿಗೂ ಪೊಲೀಸರಿಗೂ ತಿಳಿಸಬೇಡಿ ಎನ್ನಬಹುದು. ಜೀವಕ್ಕೆ ತಕ್ಷಣದ ಅಪಾಯವಿಲ್ಲದಿದ್ದರೆ ಆ ಮಾತು ನಡೆಯುತ್ತದೆ. ಚಿಕಿತ್ಸೆ, ಸಲಹೆ ಮೊದಲು ಸಿಗುತ್ತವೆ, ದೂರು ಕೊಡಬೇಕೋ ಬೇಡವೋ ಎಂಬುದನ್ನು ಅವಳು ಆಮೇಲೆ ತೀರ್ಮಾನಿಸಬಹುದು. ಮಗುವಿನ ಮೇಲಿನ ಹಿಂಸೆಗೆ ಈ ಗುಟ್ಟು ಸಲ್ಲದು. ಅದು ಸರಿಯೇ. ಮಗುವಿಗೆ ತನ್ನ ಪರವಾಗಿ ತೀರ್ಮಾನಿಸುವ ಶಕ್ತಿಯಿಲ್ಲ.

ಆದರೂ ಒಂದು ತೊಡಕು ಉಳಿದೇ ಇದೆ. ಕಮಾಂಡರನ ಮೊದಲ ಕರ್ತವ್ಯ ತನ್ನ ಪಡೆಯನ್ನು ಸಜ್ಜಾಗಿಡುವುದು. ನುರಿತ ಸೈನಿಕನನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸಿರುವುದಿಲ್ಲ. ದೂರುಗಳು ಹೆಚ್ಚಾದರೆ ಅವನ ನಾಯಕತ್ವಕ್ಕೂ ಮಸಿ. ಅವನು ಕೆಟ್ಟವನಾಗಿರಬೇಕಿಲ್ಲ, ಅವನು ಕೂತಿರುವ ಕುರ್ಚಿಯೇ ಹಾಗಿದೆ. ಹಿಂಸೆಯ ದೂರು ಸೇನೆಯೊಳಗೆ ಕಾಗದವಾಗಿ ಕಳೆದುಹೋದರೆ ಏನಾಗುತ್ತದೆಂದು 2017ರ ನವೆಂಬರ್‌ನಲ್ಲಿ ಟೆಕ್ಸಾಸ್‌ನ ಸದರ್ಲೆಂಡ್ ಸ್ಪ್ರಿಂಗ್ಸ್ ಎಂಬ ಊರು ಕಂಡಿತು. ಹೆಂಡತಿಯನ್ನೂ ಮಲಮಗನನ್ನೂ ಹೊಡೆದದ್ದಕ್ಕೆ 2012ರಲ್ಲಿ ಸೇನಾ ನ್ಯಾಯಾಲಯದಿಂದ ಶಿಕ್ಷೆ ಪಡೆದಿದ್ದ ವಾಯುಪಡೆಯ ಮಾಜಿ ನೌಕರನೊಬ್ಬ ಅಲ್ಲಿನ ಚರ್ಚಿನಲ್ಲಿ ಗುಂಡು ಹಾರಿಸಿ 26 ಜನರನ್ನು ಕೊಂದ. ಅಂಥ ಶಿಕ್ಷೆಯಾದವನಿಗೆ ಬಂದೂಕು ಮಾರುವಂತಿರಲಿಲ್ಲ. ವಾಯುಪಡೆ ಶಿಕ್ಷೆಯ ವಿವರವನ್ನು ಎಫ್‌ಬಿಐಗೆ ಕಳಿಸಿರಲಿಲ್ಲ, ಅಂಗಡಿಯಲ್ಲಿ ಅವನಿಗೆ ಬಂದೂಕು ಸಿಕ್ಕಿತು. 2021ರಲ್ಲಿ ನ್ಯಾಯಾಧೀಶರೊಬ್ಬರು ಆ ಸಾವುಗಳ ಹೊಣೆಯಲ್ಲಿ ಶೇಕಡಾ 60ರಷ್ಟನ್ನು ಸರಕಾರದ ಮೇಲೆ ಹೊರಿಸಿದರು. ಇಂಥ ಪಾಠಗಳ ನಂತರವೇ ಕೌಟುಂಬಿಕ ಹಿಂಸೆ 2019ರಿಂದ ಸೇನಾ ಕಾನೂನಿನಲ್ಲಿ ಪ್ರತ್ಯೇಕ ಅಪರಾಧವಾಯಿತು. 2023ರ ಡಿಸೆಂಬರ್ ಕೊನೆಯಿಂದ, ಅಂಥ ಮೊಕದ್ದಮೆ ನಡೆಸಬೇಕೇ ಬೇಡವೇ ಎಂಬ ತೀರ್ಮಾನ ಕಮಾಂಡರನ ಕೈಬಿಟ್ಟು ಸ್ವತಂತ್ರ ವಕೀಲರ ಕೈಗೆ ಹೋಯಿತು. ಕಾರ್ಯಕ್ರಮ ಹುಟ್ಟಿ ನಾಲ್ಕು ದಶಕ ಕಳೆದ ಮೇಲೆ.

ನಮ್ಮ ಕಡೆ ಚಿತ್ರ ಇನ್ನೊಂದು ಬಗೆಯದು. ಕೊಡಗಿನಲ್ಲೋ ಬೆಳಗಾವಿಯ ಹಳ್ಳಿಗಳಲ್ಲೋ ಜವಾನನ ಹೆಂಡತಿ ಹೆಚ್ಚು ಕಾಲ ಅತ್ತೆ ಮಾವನ ಮನೆಯಲ್ಲೇ ಇರುತ್ತಾಳೆ. ಗಂಡ ಫೀಲ್ಡ್ ಏರಿಯಾದಲ್ಲಿದ್ದರೆ ಸಂಸಾರವನ್ನು ಕರೆದೊಯ್ಯುವಂತಿಲ್ಲ, ಪೀಸ್ ಸ್ಟೇಷನ್‌ಗೆ ಬಂದರೂ ಕ್ವಾರ್ಟರ್ಸ್‌ಗೆ ಸರದಿ ಕಾಯಬೇಕು. ಹಿಂಸೆ ಗಂಡನಿಂದಲೇ ಬರಬೇಕೆಂದಿಲ್ಲ; ಅವನಿಲ್ಲದಾಗ ಮನೆಯವರಿಂದಲೂ ಬರಬಹುದು. ಸಂಸಾರಗಳ ನೆರವಿಗೆ 1966ರಲ್ಲಿ ಹುಟ್ಟಿದ ಸೇನಾ ಪತ್ನಿಯರ ಕಲ್ಯಾಣ ಸಂಘ, ಆವಾ, ಇದೆ. ತರಬೇತಿ, ವಿಧವೆಯರಿಗೆ ನೆರವು, ವಿಶೇಷ ಮಕ್ಕಳ ಶಾಲೆಗಳಂಥ ಒಳ್ಳೆಯ ಕೆಲಸ ಅದು ಮಾಡಿದೆ. ಆದರೆ ಅದರ ನೇತೃತ್ವ ಗಂಡಂದಿರ ಹುದ್ದೆಯ ಏಣಿಯನ್ನೇ ಅನುಸರಿಸುತ್ತದೆ: ಮೇಲೆ ಸೇನಾ ಮುಖ್ಯಸ್ಥರ ಪತ್ನಿ, ಯುನಿಟ್ಟಿನಲ್ಲಿ ಕಮಾಂಡಿಂಗ್ ಆಫೀಸರರ ಪತ್ನಿ. ಸಿಪಾಯಿಯ ಹೆಂಡತಿ ತನ್ನ ಬೆನ್ನಿನ ಬಾಸುಂಡೆಯನ್ನು ಗಂಡನ ಸಾಹೇಬರ ಮನೆಯಾಕೆಗೆ ತೋರಿಸುವುದೆಂದರೆ ಸಾಹೇಬರಿಗೇ ತೋರಿಸಿದಂತೆ.

ಕಾನೂನು ಕೂಡ ಅವಳನ್ನು ಸಾಹೇಬರ ಬಾಗಿಲಿಗೇ ಕಳಿಸುತ್ತದೆ. 1950ರ ಸೇನಾ ಕಾಯಿದೆಯ 28ನೆಯ ಕಲಮಿನ ಪ್ರಕಾರ ಸೈನಿಕನ ಆಯುಧ, ಬಟ್ಟೆಗಳಂತೆಯೇ ಅವನ ಸಂಬಳವನ್ನೂ ಸಿವಿಲ್ ಕೋರ್ಟು ಜಪ್ತಿ ಮಾಡುವಂತಿಲ್ಲ. ಹೆಂಡತಿ ಮಕ್ಕಳ ಜೀವನಾಂಶಕ್ಕೆ ಸಂಬಳದಿಂದ ಹಣ ಕಡಿತ ಮಾಡುವ ಅಧಿಕಾರವನ್ನು ಅದೇ ಕಾಯಿದೆಯ 90 ಮತ್ತು 91ನೆಯ ಕಲಮುಗಳು ಸರಕಾರಕ್ಕೂ ಸೇನಾಧಿಕಾರಿಗಳಿಗೂ ಕೊಟ್ಟಿವೆ. ಇದರಲ್ಲಿ ಅನುಕೂಲವೂ ಉಂಟು. ವಕೀಲರ ಫೀಸಿಲ್ಲದೆ, ಕೋರ್ಟಿಗೆ ಅಲೆಯದೆ, ಒಂದು ಅರ್ಜಿಯಿಂದ ತಿಂಗಳ ಹಣ ಅವಳ ಖಾತೆಗೆ ಬರಬಹುದು. ಆದರೆ ಆ ಅರ್ಜಿ ಗಂಡನ ಯುನಿಟ್ಟಿನ ಮೂಲಕವೇ ಸಾಗಬೇಕು. ಅವನಿಗೆ ನೋಟಿಸು, ಅವನ ಉತ್ತರ, ನಡುವೆ ರಾಜಿಯ ಪ್ರಯತ್ನ. ದೂರದ ಹಳ್ಳಿಯಲ್ಲಿ ಕೂತವಳ ಮಾತಿಗಿಂತ ಎದುರಿಗೆ ನಿಂತು ಸೆಲ್ಯೂಟ್ ಹೊಡೆಯುವವನ ಮಾತು ಗಟ್ಟಿಯಾಗಿ ಕೇಳಿಸುವುದು ಸಹಜ.

ಸೇನೆಯ ಪರವಾದ ವಾದವನ್ನು ತಳ್ಳಿಹಾಕುವಂತಿಲ್ಲ. ಕಮಾಂಡರ್ ಮನಸ್ಸು ಮಾಡಿದರೆ ರಾತ್ರೋರಾತ್ರಿ ಸೈನಿಕನನ್ನು ಮನೆಯಿಂದ ಬ್ಯಾರಕ್ಕಿಗೆ ಕಳಿಸಬಲ್ಲ, ಕುಡಿತ ಬಿಡಿಸಲು ಆಸ್ಪತ್ರೆಗೆ ಸೇರಿಸಬಲ್ಲ. ಯಾವ ಪೊಲೀಸ್ ಠಾಣೆಗೆ ಈ ಬಲವಿದೆ? ಸುಳ್ಳು ದೂರಿನಿಂದ ಗಡಿಯಲ್ಲಿರುವವನ ಬದುಕು ಹಾಳಾದೀತು ಎಂಬ ಆತಂಕವೂ ಬರೀ ನೆಪವಲ್ಲ. ಆದರೆ ಇವೆರಡೂ ಕಮಾಂಡರನ ಕೈ ಯಾಕೆ ಬೇಕೆಂದು ಹೇಳುತ್ತವೆ. ಹಿಂಸೆಯ ಕಥೆಯನ್ನು ಮೊದಲು ಕೇಳುವ ಕಿವಿ ಅವನದೇ ಆಗಬೇಕೆಂದು ಹೇಳುವುದಿಲ್ಲ. ಸುಳ್ಳನ್ನು ಬೇರ್ಪಡಿಸಲು ಕೂಡ ಗಂಡನ ಸಾಧನೆಯ ಕಡತ ಎದುರಿಗಿಟ್ಟುಕೊಳ್ಳದ ಮೂರನೆಯವರೇ ಹೆಚ್ಚು ಯೋಗ್ಯರು.

ಆ ಮೂರನೆಯವರು ನಮ್ಮಲ್ಲಿ ಇಲ್ಲದವರೇನಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾನೂನು ಸೈನಿಕನ ಹೆಂಡತಿಗೂ ಅನ್ವಯಿಸುತ್ತದೆ. ಸಂರಕ್ಷಣಾಧಿಕಾರಿಗಳಿದ್ದಾರೆ, ಸಾಂತ್ವನ ಕೇಂದ್ರಗಳಿವೆ, 181 ಸಹಾಯವಾಣಿ ಇದೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗಳೂ ಇವೆ. ಆದರೆ ಇವರ ನಡುವೆ ಸೇತುವೆಯಿಲ್ಲ. ಸಂರಕ್ಷಣಾಧಿಕಾರಿ ಕಳಿಸಿದ ವರದಿಗೆ ಯುನಿಟ್ಟು ಗೊತ್ತಾದ ಅವಧಿಯಲ್ಲಿ ಉತ್ತರಿಸಲೇಬೇಕು ಎಂಬ ನಿಯಮ ಬೇಕು. ಜೀವನಾಂಶದ ತೀರ್ಮಾನ ಆ ಸೈನಿಕನ ಮೇಲಧಿಕಾರಿಗಳ ಸಾಲಿಗೆ ಸೇರದವರ ಕೈಯಲ್ಲಿರಬೇಕು, ತೀರ್ಮಾನವಾಗುವ ತನಕ ಸ್ವಲ್ಪ ಹಣವಾದರೂ ಅವಳಿಗೆ ಬರುತ್ತಿರಬೇಕು. ಕಮಾಂಡರ್ ತನ್ನ ಬಲವನ್ನು ಕೊಡಲಿ, ತೀರ್ಪನ್ನು ಬೇರೆಯವರು ಹೇಳಲಿ. ಇದರಿಂದ ಸೇನೆಯ ಶಿಸ್ತು ಸಡಿಲವಾಗುವುದಿಲ್ಲ. ಮನೆಯಲ್ಲಿ ಕೈಯೆತ್ತುವವನನ್ನು ಒಳ್ಳೆಯ ಸೈನಿಕನೆಂಬ ಕಾರಣಕ್ಕೆ ಕಾಪಾಡುವ ಶಿಸ್ತು, ಅವನ ಪಕ್ಕದಲ್ಲಿ ಬಂದೂಕು ಹಿಡಿದು ನಿಂತವನಿಗೂ ಒಳ್ಳೆಯದು ಮಾಡಲಾರದು.