ಪ್ರಾಜೆಕ್ಟು ಅಂಕಕ್ಕೋ, ಅರಿವಿಗೋ?

ಕೇಂದ್ರ ಸರ್ಕಾರದವರು ೨೦೨೫ರ ಫೆಬ್ರವರಿಯ ಮುಂಗಡಪತ್ರದಲ್ಲಿ ಎರಡು ಸಂಕಲ್ಪಗಳನ್ನು ಸಾರಿದರು. ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ೫೦,೦೦೦ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳನ್ನು ತೆರೆಯುವುದು ಒಂದು. ಗ್ರಾಮಾಂತರದ ಸರ್ಕಾರಿ ಪ್ರೌಢಶಾಲೆಗಳೆಲ್ಲಕ್ಕೂ ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ಒದಗಿಸುವುದು ಇನ್ನೊಂದು. ೨೦೨೩-೨೪ನೆಯ ಸಾಲಿನ ಸರ್ಕಾರಿ ಅಂಕಿಅಂಶಗಳ ಪ್ರಕಾರ ದೇಶದ ಶಾಲೆಗಳಲ್ಲಿ ಕಂಪ್ಯೂಟರ್ ಇದ್ದವು ಶೇಕಡ ೫೭, ಇಂಟರ್‌ನೆಟ್ ಇದ್ದವು ಶೇಕಡ ೫೪ರಷ್ಟು ಮಾತ್ರ. ಈ ಸ್ಥಿತಿಯಲ್ಲಿ ಮೇಲಿನ ಸಂಕಲ್ಪಗಳು ಸ್ವಾಗತಾರ್ಹವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಯಂತ್ರಗಳ ಮುಂದೆ ಕುಳಿತ ಮಗುವಿಗೆ ನಾವು ಯಾವ ಕೆಲಸವನ್ನು ಕೊಡುವೆವು ಎಂಬ ಪ್ರಶ್ನೆಗೆ ಮುಂಗಡಪತ್ರವು ಉತ್ತರ ಹೇಳಲಾರದು. ಅದನ್ನು ಹೇಳಬೇಕಾದವರು ಉಪಾಧ್ಯಾಯರು, ವಿದ್ಯಾ ಇಲಾಖೆಯವರು ಮತ್ತು ಪೋಷಕರು.

ನಮ್ಮ ಶಾಲೆಗಳಲ್ಲಿ ಪ್ರಾಜೆಕ್ಟು ಎಂಬ ಹೆಸರಿನಿಂದ ನಡೆಯುತ್ತಿರುವುದೇನು? ಅಂಗಡಿಯಿಂದ ಚಾರ್ಟು ಕೊಂಡು, ಚಿತ್ರಗಳನ್ನು ಅಂಟಿಸಿ, ಯಾವುದೋ ಪುಸ್ತಕದ ಪುಟವನ್ನು ದುಂಡಗೆ ನಕಲು ಮಾಡಿ, ಅಂಕ ಪಡೆದು, ಕಪಾಟಿನಲ್ಲಿ ಧೂಳು ತಿನ್ನಲು ಬಿಡುವುದು. ಹಲವು ಮನೆಗಳಲ್ಲಿ ಈ ಕೆಲಸ ತಾಯಿತಂದೆಗಳ ಪಾಲಿನದು. ಕೈಯಲ್ಲಿ ಹಣವಿಲ್ಲದವನ ಮಗು ಅಲ್ಲಿಯೂ ಹಿಂದೆ ಬೀಳುವುದು. ಈಗ ಕೃತಕ ಬುದ್ಧಿಮತ್ತೆಯ ಯಂತ್ರವು ಆ ನಕಲಿನ ಶ್ರಮವನ್ನೂ ತಪ್ಪಿಸಿದೆ. ನೀರಿನ ಮಹತ್ವವನ್ನು ಕುರಿತು ಹತ್ತು ಪುಟಗಳನ್ನು ಅದು ಅರೆನಿಮಿಷದಲ್ಲಿ ಬರೆದೊಪ್ಪಿಸುತ್ತದೆ. ಯಂತ್ರವನ್ನು ಶಪಿಸಿ ಫಲವಿಲ್ಲ. ಯಂತ್ರವು ಅಷ್ಟು ಸುಲಭವಾಗಿ ಮಾಡಬಲ್ಲ ಕೆಲಸವು ಮೊದಲಿನಿಂದಲೂ ವಿದ್ಯೆಯ ಕೆಲಸವಾಗಿರಲಿಲ್ಲವೆಂಬುದನ್ನು ನಾವು ಒಪ್ಪಿಕೊಳ್ಳುವುದು ಲೇಸು.

ಮೂಲದಲ್ಲಿ ಈ ಪದ್ಧತಿಯ ಉದ್ದೇಶವೇ ಬೇರೆ. ೧೯೧೮ರಲ್ಲಿ ಅಮೆರಿಕದ ವಿಲಿಯಂ ಕಿಲ್ಪ್ಯಾಟ್ರಿಕ್ ಅವರು ಪ್ರಾಜೆಕ್ಟು ಪದ್ಧತಿಯನ್ನು ಪ್ರತಿಪಾದಿಸಿದಾಗ, ಮಗುವು ಮನಃಪೂರ್ವಕವಾಗಿ ಕೈಗೊಂಡ ಸಾರ್ಥಕ ಕಾರ್ಯವೇ ಕಲಿಕೆಯ ಕೇಂದ್ರವಾಗಬೇಕೆಂದರು. ನಮ್ಮ ದೇಶದಲ್ಲಿ ೧೯೩೭ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನದ ಮುಂದೆ ಗಾಂಧೀಜಿಯವರು ಕೈಕಸುಬಿನ ಮೂಲಕವೇ ಸಕಲ ವಿದ್ಯೆಯನ್ನೂ ಕಲಿಸುವ ಯೋಜನೆಯನ್ನಿಟ್ಟರು. ಜಾಕಿರ್ ಹುಸೇನರ ಸಮಿತಿಯು ಅದಕ್ಕೆ ಪಠ್ಯಕ್ರಮದ ರೂಪವನ್ನು ಕೊಟ್ಟಿತು. ತಕಲಿಯನ್ನು ಹಿಡಿದ ಮಗು ನೂಲಿನ ಜೊತೆಗೆ ಗಣಿತವನ್ನೂ ಭೂಗೋಳವನ್ನೂ ಕಲಿಯಬೇಕೆಂಬುದು ಆ ಯೋಜನೆಯ ತಿರುಳು. ಇಂದಿನ ಕಂಪ್ಯೂಟರಿಗೂ ಈ ತತ್ತ್ವವೇ ಅನ್ವಯಿಸತಕ್ಕದ್ದು. ಉಪಕರಣವು ಕೆಲಸಕ್ಕಾಗಿ ಬರಬೇಕು. ಉಪಕರಣಕ್ಕಾಗಿ ಕೆಲಸವನ್ನು ಹುಡುಕಬಾರದು.

ಸಾರ್ಥಕವಾದ ಪ್ರಾಜೆಕ್ಟನ್ನು ಗುರುತಿಸುವ ಲಕ್ಷಣ ಯಾವುದು? ಅದರ ಉತ್ತರವು ಯಾವ ಪುಸ್ತಕದಲ್ಲಿಯೂ, ಯಾವ ಯಂತ್ರದಲ್ಲಿಯೂ ಮುಂಚಿತವಾಗಿ ಸಿದ್ಧವಾಗಿರಕೂಡದು. ಒಂದು ಉದಾಹರಣೆಯನ್ನು ನೋಡಬಹುದು. ನೇರ ಗೋಡೆಯ ಒಂದು ಪಾತ್ರೆಯನ್ನು ಶಾಲೆಯ ಬಯಲಿನಲ್ಲಿಟ್ಟು, ಹವಾಮಾನ ಇಲಾಖೆಯವರು ಅಳೆಯುವಂತೆ ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಮಕ್ಕಳು ಮಳೆಯನ್ನು ಅಳೆಯಲಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಶಾಲೆಯ ಛಾವಣಿ ೨೦೦ ಚದರ ಮೀಟರ್ ಆದರೆ ಹತ್ತು ಮಿಲಿಮೀಟರ್ ಮಳೆಗೆ ಅದರ ಮೇಲೆ ಬೀಳುವುದು ೨,೦೦೦ ಲೀಟರ್. ಅದೆಲ್ಲವೂ ಎಲ್ಲಿಗೆ ಹೋಯಿತೆಂಬ ಪ್ರಶ್ನೆಯನ್ನು ಮಕ್ಕಳು ತಾವಾಗಿಯೇ ಕೇಳುವರು.

ತಿಂಗಳು ಕಳೆದಂತೆ ಈ ಅಂಕಿಗಳನ್ನು ಕಂಪ್ಯೂಟರಿನ ಕೋಷ್ಟಕದಲ್ಲಿ ತುಂಬಿ, ನಕ್ಷೆಯನ್ನು ಬರೆಯಲಿ. ಒಂದೂರಿನಲ್ಲಿ ನೂರು ಮಿಲಿಮೀಟರ್ ಮಳೆಯು ಎರಡೇ ದಿನ ಸುರಿದು, ನೆರೆಯೂರಿನಲ್ಲಿ ಅಷ್ಟೇ ಮಳೆ ಹತ್ತು ದಿನ ಬಿದ್ದಿದ್ದರೆ, ಮೊತ್ತ ಒಂದೇ ಆದರೂ ಬೆಳೆಯ ಗತಿ ಬೇರೆಯೆಂಬುದು ಆಗ ಕಣ್ಣಿಗೆ ಕಾಣುವುದು. ಸರಾಸರಿಯು ಸತ್ಯವನ್ನು ಮರೆಸಬಲ್ಲುದೆಂಬ ಈ ಪಾಠವನ್ನು ಯಾವ ಉಪನ್ಯಾಸವೂ ಇಷ್ಟು ಚೆನ್ನಾಗಿ ಕಲಿಸಲಾರದು. ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು ಗ್ರಾಮಪಂಚಾಯತಿಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇರಿಸಿದ್ದಾರೆ. ಅವುಗಳ ಲೆಕ್ಕಕ್ಕೂ ಮಕ್ಕಳ ಲೆಕ್ಕಕ್ಕೂ ವ್ಯತ್ಯಾಸ ಬಂದರೆ ಕಾರಣವನ್ನು ಶೋಧಿಸಲಿ: ಪಾತ್ರೆಯ ಮೇಲೆ ಮರದ ಕೊಂಬೆ ಚಾಚಿತ್ತೇ? ಓದುವಾಗ ತಪ್ಪಾಯಿತೇ? ಮಳೆಯೇ ಒಂದು ಕೇರಿಯಲ್ಲಿ ಬಿದ್ದು ಇನ್ನೊಂದರಲ್ಲಿ ಬೀಳಲಿಲ್ಲವೇ? ಕೊನೆಗೆ ಕಂಡದ್ದನ್ನು ಗ್ರಾಮಸಭೆಯ ಮುಂದೆ ಓದಿ, ಹಿರಿಯರ ಪ್ರಶ್ನೆಗಳಿಗೆ ಉತ್ತರ ಕೊಡಲಿ. ಬರೆದು ಕೊಡುವ ಯಂತ್ರವು ಆ ಬಯಲಿನಲ್ಲಿ ಅಂದು ಎಷ್ಟು ಮಳೆ ಬಿತ್ತೆಂಬುದನ್ನು ಅರಿಯದು. ಅರಿತವರು ಅಳೆದ ಮಕ್ಕಳು ಮಾತ್ರ.

ಇದಕ್ಕೆ ಆಕ್ಷೇಪಣೆಗಳುಂಟು. ಉಪಾಧ್ಯಾಯರಿಗೆ ಪುರಸತ್ತೆಲ್ಲಿ ಎನ್ನುವರು. ಚುನಾವಣೆ, ಗಣತಿಗಳ ಹೊರೆಯನ್ನು ಬಲ್ಲ ನಾವು ಈ ಮಾತನ್ನು ತಳ್ಳಿಹಾಕುವುದಿಲ್ಲ. ವಿಷಯಕ್ಕೊಂದರಂತೆ ಹಲವು ಚಾರ್ಟುಗಳನ್ನು ಕೇಳುವುದಕ್ಕೆ ಬದಲಾಗಿ, ಗಣಿತ, ವಿಜ್ಞಾನ, ಸಮಾಜ, ಕನ್ನಡ ನಾಲ್ಕಕ್ಕೂ ಸೇರಿ ವರ್ಷಕ್ಕೊಂದೇ ಕಾರ್ಯವನ್ನು ಒಪ್ಪಿದರೆ ಹೊರೆ ಕಡಿಮೆಯೇ ಆದೀತು. ಯಂತ್ರಗಳು ಸಾಲವೆನ್ನುವರು. ಅಳೆಯಲು ಪಾತ್ರೆ ಸಾಕು. ಲೆಕ್ಕವಿಡಲು ಆರು ಮಕ್ಕಳ ಗುಂಪಿಗೆ ಒಂದು ಕಂಪ್ಯೂಟರ್ ಸಾಕು. ಇದೆಲ್ಲ ಕನ್ನಡದಲ್ಲಿ ಆಗದೆನ್ನುವರು. ಗಡಿಯಾಚೆಯ ಕಾಸರಗೋಡಿನತ್ತ ಅವರು ನೋಡಲಿ. ಕೇರಳದವರು ಮುಕ್ತ ತಂತ್ರಾಂಶದಿಂದಲೇ ಶಾಲೆಗಳನ್ನು ನಡೆಸಿ, ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕವನ್ನು ಕನ್ನಡದಲ್ಲಿಯೂ ಕೊಟ್ಟಿದ್ದಾರೆ. ೨೦೧೮ರಿಂದ ಪ್ರೌಢಶಾಲೆಗಳಲ್ಲಿ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿಸಂಘಗಳನ್ನೂ ನಡೆಸುತ್ತಿದ್ದಾರೆ. ಅಲ್ಲಿ ಸಾಧ್ಯವಾದುದು ಕನ್ನಡದ ತವರಿನಲ್ಲಿ ಅಸಾಧ್ಯವೆಂದರೆ ನಂಬುವವರಾರು?

ಇಲಾಖೆಯವರು ಕೂಡಲೇ ಮಾಡಬಹುದಾದ ಕಾರ್ಯವೊಂದಿದೆ. ಅಂದವಾದ ಚಾರ್ಟಿಗೆ ಅಂಕ ಕೊಡುವುದನ್ನು ನಿಲ್ಲಿಸಿ, ಮಗುವಿನ ದಿನಚರಿ ಪುಸ್ತಕಕ್ಕೆ ಅಂಕ ಕೊಡಲಿ. ಅದರಲ್ಲಿ ಪ್ರಶ್ನೆ, ಅಳತೆ, ತಪ್ಪು, ತಿದ್ದುಪಡಿ ಇವು ತಾರೀಖಿನೊಡನೆ ಇರಲಿ. ತಪ್ಪನ್ನು ಬರೆದಿಟ್ಟು ತಿದ್ದಿಕೊಂಡವನಿಗೆ ಹೆಚ್ಚು ಅಂಕ ದೊರೆಯಲಿ. ಹೀಗೆ ಮಾಡಿದರೆ ಕೊಂಡು ತಂದ ಪ್ರಾಜೆಕ್ಟಿಗೆ ಬೆಲೆಯೇ ಉಳಿಯದು.

೨೦೨೪ರ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮಾಂತರದ ೧೪ರಿಂದ ೧೬ ವಯಸ್ಸಿನ ಮಕ್ಕಳಲ್ಲಿ ಶೇಕಡ ೮೨ ಮಂದಿ ಸ್ಮಾರ್ಟ್‌ಫೋನ್ ಬಳಸಬಲ್ಲರು. ಬಳಸಬಲ್ಲವರಲ್ಲಿ ಸಮೀಕ್ಷೆಯ ಹಿಂದಿನ ವಾರ ಓದಿಗಾಗಿ ಬಳಸಿದವರು ಶೇಕಡ ೫೭, ಸಾಮಾಜಿಕ ಜಾಲತಾಣಗಳಿಗಾಗಿ ಬಳಸಿದವರು ಶೇಕಡ ೭೬. ಬೆರಳಾಡಿಸುವ ವಿದ್ಯೆ ನಮ್ಮ ಮಕ್ಕಳಿಗೆ ಆಗಲೇ ಬಂದಿದೆ. ಬರಬೇಕಾದುದು ವಿಚಾರಿಸುವ ವಿದ್ಯೆ. ವೈಜ್ಞಾನಿಕ ಮನೋಭಾವವನ್ನೂ ವಿಚಾರಶೀಲತೆಯನ್ನೂ ಬೆಳೆಸಿಕೊಳ್ಳುವುದು ಪ್ರಜೆಯ ಮೂಲಭೂತ ಕರ್ತವ್ಯವೆಂದು ನಮ್ಮ ರಾಜ್ಯಾಂಗವು ೧೯೭೬ರ ತಿದ್ದುಪಡಿಯಿಂದ ವಿಧಿಸಿದೆ. ತನ್ನೂರಿನ ಮಳೆಯನ್ನು ತಾನೇ ಅಳೆದ ಮಗು ನಾಳೆ ತನ್ನೂರಿನ ಕೆರೆಯ ಲೆಕ್ಕವನ್ನೂ, ಪಂಚಾಯತಿಯ ಲೆಕ್ಕವನ್ನೂ ಕೇಳೀತು. ಅಂಥ ಪ್ರಜೆಗಳಿಲ್ಲದ ಸ್ವರಾಜ್ಯವು ಎಷ್ಟು ಯಂತ್ರಗಳನ್ನು ಕೊಂಡರೂ ಬಡವೇ ಆಗಿರುವುದು.