ಗೇಟು ಹಾಕಿದ್ದು ದನಕ್ಕೆ, ಹೊರಗೆ ನಿಂತವರು ಮನುಷ್ಯರು

ನಮ್ಮ ಕಡೆಯ ಯಾವ ಉದ್ಯಾನಕ್ಕೆ ಹೋದರೂ ಬಾಗಿಲಲ್ಲಿ ಒಂದು ಬೋರ್ಡು ಇರುತ್ತದೆ. ಹೂವು ಕೀಳಬೇಡಿ, ಹುಲ್ಲು ತುಳಿಯಬೇಡಿ, ಪ್ಲಾಸ್ಟಿಕ್ ತರಬೇಡಿ, ಮಂಗಗಳಿಗೆ ತಿನಿಸು ಹಾಕಬೇಡಿ, ಮಕ್ಕಳ ಮೇಲೆ ನಿಗಾ ಇಡಿ, ಅವಘಡವಾದರೆ ಆಡಳಿತ ಹೊಣೆಯಲ್ಲ. ಕೊನೆಯ ಸಾಲು ಬಿಟ್ಟರೆ ಉಳಿದದ್ದೆಲ್ಲ ಬಂದವರಿಗೆ ಹೇಳುವ ಬುದ್ಧಿಮಾತು. ಕೊನೆಯದು ತಮ್ಮ ಹೆಗಲಿನ ಭಾರ ಇಳಿಸಿಕೊಳ್ಳುವ ಮಾತು.

ಈ ಬೋರ್ಡಿನಲ್ಲಿ ಇರಬೇಕಾದ ಬೇರೆ ಮಾತುಗಳಿದ್ದವು. ಶೌಚಾಲಯ ಎಲ್ಲಿದೆ, ಕುಡಿಯುವ ನೀರು ಎಲ್ಲಿ, ಗಾಲಿಕುರ್ಚಿ ಹೋಗುವ ದಾರಿ ಯಾವುದು, ಹಾವು ಕಚ್ಚಿದರೆ ಔಷಧ ಇರುವ ಹತ್ತಿರದ ಆಸ್ಪತ್ರೆ ಯಾವುದು, ಕೊನೆಯ ಬಸ್ಸು ಎಷ್ಟಕ್ಕೆ. ಹಳ್ಳಿಯಿಂದ ಮಕ್ಕಳನ್ನು, ಮುದುಕಿಯನ್ನು ಕಟ್ಟಿಕೊಂಡು ಬರುವವರಿಗೆ ಬೇಕಾದದ್ದು ಇದು. ಬೇಡಿ ಬೇಡಿ ಎಂಬ ಪಟ್ಟಿಯನ್ನೇ ಸುರಕ್ಷತೆ ಎಂದು ಕರೆಯುವುದನ್ನು ನಾವು ಒಪ್ಪುವುದಿಲ್ಲ.

ಬಾಗಲಕೋಟೆಯಿಂದಲೇ ಸುರು ಮಾಡೋಣ. ಘಟಪ್ರಭೆಯ ದಂಡೆಯ ಹಳೆಯ ಊರಿನ ದೊಡ್ಡ ಭಾಗ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಮುಳುಗಡೆಯಾದವರಿಗಾಗಿ ಸೆಕ್ಟರ್ ಸೆಕ್ಟರ್ ಎಂದು ಗೆರೆ ಎಳೆದು ನವನಗರ ಕಟ್ಟಿದರು. ಹೊಳೆದಂಡೆ, ಅಗಸಿ ಕಟ್ಟೆ, ಓಣಿಯ ಬೇವಿನ ಗಿಡದ ನೆರಳು ಬಿಟ್ಟು ಬಂದ ತಲೆಮಾರು ಈಗ ಎಪ್ಪತ್ತರ ಆಸುಪಾಸಿನಲ್ಲಿದೆ. ಮೊಣಕಾಲು ಸೋತಿವೆ. ಇಂಥ ಊರಿನಲ್ಲಿ ಹಸಿರು ಜಾಗ ಎಂಬುದು ಸರಕಾರದ ಔದಾರ್ಯವಲ್ಲ, ಕಳೆದುಕೊಂಡದ್ದಕ್ಕೆ ಬರಬೇಕಾದ ಬಾಕಿ. ಬಾಕಿ ಕೊಡುವವರು ಎತ್ತರದ ಮೆಟ್ಟಿಲ ಮೇಲಿಟ್ಟು ಬಂದು ತಗೊಳ್ಳಿ ಅನ್ನಬಾರದು.

ಜಿಲ್ಲೆಯ ಒಂದು ಉದ್ಯಾನದಲ್ಲಿ ನಾವು ಕಣ್ಣಾರೆ ಕಂಡದ್ದಿದೆ, ಯಾವುದು ಎಂಬುದು ಬೇಡ. ದನ ಒಳಗೆ ಬರಬಾರದೆಂದು ಒಬ್ಬೊಬ್ಬರೇ ಓರೆಯಾಗಿ ಸುತ್ತಿ ದಾಟುವ ಕಬ್ಬಿಣದ ಗೇಟು ಹಾಕಿದ್ದಾರೆ. ಮೂರು ಗಾಲಿಯ ಸೈಕಲ್ಲಿನಲ್ಲಿ ಹೆಂಡತಿ ಮಕ್ಕಳ ಜೊತೆ ಬಂದಿದ್ದ ಒಬ್ಬರು ಅಲ್ಲೇ ನಿಂತರು. ದೊಡ್ಡ ಗೇಟಿಗೆ ಬೀಗ; ಕೀಲಿ ಸಾಹೇಬರ ಹತ್ತಿರ. ಕಾವಲಿನ ಹುಡುಗ ಒಳ್ಳೆಯವನೇ. "ತಡೀರಿ ಅಣ್ಣಾರ, ಎತ್ತಿ ದಾಟಸ್ತೀವಿ" ಅಂದ. ಅವರು, "ನಾ ಏನ್ ಜ್ವಾಳದ ಚೀಲೇನೋ ತಮ್ಮಾ, ಎತ್ತಿ ಇಡಾಕ?" ಅಂದರು. ಮಕ್ಕಳು ಒಳಗೆ ಜೋಕಾಲಿ ಆಡಿ ಬರುವವರೆಗೆ ರಸ್ತೆಯ ಬದಿಯಲ್ಲೇ ಕೂತಿದ್ದರು. ಆ ಗೇಟಿನ ಕೆಳಗೆ ನುಸುಳಿ ಒಂದು ಕರು ಒಳಗೆ ಮೇಯುತ್ತಿತ್ತು ಎಂಬುದನ್ನೂ ಹೇಳಬೇಕು.

ಇದು ದಯೆಯ ಪ್ರಶ್ನೆ ಅಲ್ಲ, ಕಾನೂನಿನದು. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಮನರಂಜನೆ, ವಿರಾಮಕ್ಕೆ ಜನ ಬಳಸುವ ಕಟ್ಟಡಗಳೂ ಅದರ ವ್ಯಾಖ್ಯೆಯೊಳಗಿವೆ. ನಿಯಮಗಳು ಪ್ರಕಟವಾದ ಐದು ವರ್ಷದೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳೂ ಎಲ್ಲರಿಗೂ ಹೋಗಿಬರುವಂತಾಗಬೇಕು ಎಂದು 45ನೇ ಕಲಂ ಹೇಳುತ್ತದೆ. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು ಮುಗಿದದ್ದು 2022ರ ಜೂನ್‌ಗೆ. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ಮಾನದಂಡಗಳು ಬರೀ ಸಲಹೆಯಲ್ಲ, ಕಡ್ಡಾಯವಾಗಿರಬೇಕು ಎಂದಿತು. ಉದ್ಯಾನ ಕಟ್ಟಡವೇನ್ರಿ ಎಂದು ಕೇಳುವ ಜಾಣ ಅಧಿಕಾರಿಗಳು ಸಿಗುತ್ತಾರೆ. ಟಿಕೆಟ್ ಕೋಣೆ, ಶೌಚಾಲಯ ಏನು, ಗಿಡಗಳೇ?

ಇಳಿಜಾರು ದಾರಿಯ ಲೆಕ್ಕ ಗೌಂಡಿಗೂ ಗೊತ್ತಿರುವಷ್ಟು ಸರಳ: ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ನಾವು ನೋಡಿದ ಹಲವು ರ‍್ಯಾಂಪುಗಳು ಮೂರು ಮೆಟ್ಟಿಲ ಮೇಲೆ ಸಿಮೆಂಟು ಸುರಿದು ಜಾರುಬಂಡಿ ಮಾಡಿದಂಥವು. ಅದರ ಮೇಲೆ ನುಣ್ಣಗೆ ಪಾಲಿಶ್ ಮಾಡಿದ ಕಲ್ಲು. ಇಳಕಲ್ಲಿನ ಕೆಂಪು ಗ್ರಾನೈಟಿನ ಬಗ್ಗೆ ನಮಗೂ ಹೆಮ್ಮೆಯಿದೆ, ಹೊರದೇಶಕ್ಕೂ ಹೋಗುತ್ತದೆ. ಆದರೆ ಮಳೆಗಾಲದಲ್ಲಿ ಅಜ್ಜಿ ನಡೆಯುವ ಹಾದಿಗೆ ಅದು ಬೇಡ. ಕೆತ್ತಿದ ಒರಟು ಕಲ್ಲು ಹಾಕಿ, ಅದೂ ನಮ್ಮಲ್ಲೇ ಸಿಗುತ್ತದೆ.

ಬಾದಾಮಿಯ ಮಾತು ಬಂದ ಕೂಡಲೇ ಒಂದು ಸಿದ್ಧ ಉತ್ತರ ಬರುತ್ತದೆ. ಆರನೇ ಶತಮಾನದ ಗುಹೆಗೆ ಲಿಫ್ಟ್ ಹಾಕಲು ಆಗುತ್ತದೆಯೇ? ಆಗುವುದಿಲ್ಲ, ಹಾಕಲೂಬಾರದು. 578ರಲ್ಲಿ ಮಂಗಲೇಶ ಮಾಡಿಸಿದ ಮೂರನೇ ಗುಹೆಯ ಮುಂದೆ ಕಬ್ಬಿಣ ನೆಡಿ ಎಂದು ಯಾರೂ ಕೇಳುತ್ತಿಲ್ಲ. ಆದರೆ ಬಾದಾಮಿ ಎಂದರೆ ಮೆಟ್ಟಿಲ ಮೇಲಿನ ನಾಲ್ಕು ಗುಹೆ ಮಾತ್ರವೇ? ಅಗಸ್ತ್ಯತೀರ್ಥದ ದಂಡೆ ಇದೆ, ಮ್ಯೂಸಿಯಂ ಇದೆ, ಅಲ್ಲಿಂದ ಭೂತನಾಥ ಗುಡಿಯ ಕಡೆಗೆ ನೀರಿನ ಪಕ್ಕದಲ್ಲೇ ಹೋಗುವ ದಾರಿ ಇದೆ. ಕೆಂಪು ಬಂಡೆ, ನೀರು, ಗುಡಿ ಮೂರೂ ಒಟ್ಟಿಗೆ ಕಾಣುವುದು ಅಲ್ಲಿಂದಲೇ. ಆ ಹಾದಿಯನ್ನು ಬಸ್‌ಸ್ಟ್ಯಾಂಡಿನಿಂದ ಹಿಡಿದು ಗಾಲಿ ಉರುಳುವಂತೆ ಮಾಡಿದರೆ ಯಾವ ಶಿಲ್ಪವೂ ಹಾಳಾಗುವುದಿಲ್ಲ. ಗುಹೆಯೊಳಗಿನ ನಟರಾಜ, ತ್ರಿವಿಕ್ರಮರನ್ನು ಕೆಳಗೇ ದೊಡ್ಡ ಚಿತ್ರಗಳಲ್ಲಿ, ಕೈಯಿಂದ ಮುಟ್ಟಿ ನೋಡುವ ಮಾದರಿಗಳಲ್ಲಿ ಇಡಬಹುದು. 2015ರಲ್ಲಿ ಕೇಂದ್ರದ ಹೃದಯ್ ಯೋಜನೆಗೆ ಆರಿಸಿದ 12 ಪಾರಂಪರಿಕ ಊರುಗಳಲ್ಲಿ ಬಾದಾಮಿಯೂ ಒಂದು. ಎಲ್ಲರೂ ತಲುಪುವಂಥ ವಿನ್ಯಾಸ ಎಂಬುದು ಆ ಯೋಜನೆಯ ಉದ್ದೇಶಗಳಲ್ಲೇ ಬರೆದಿತ್ತು. 2019ರ ಮಾರ್ಚ್‌ಗೆ ಯೋಜನೆ ಮುಗಿಯಿತು. ರೈಲಿನಲ್ಲಿ ಬಂದು ಸುಮಾರು 5 ಕಿ.ಮೀ. ದೂರದ ನಿಲ್ದಾಣದಲ್ಲಿ ಇಳಿಯುವ ಕಾಲಿಲ್ಲದವರೊಬ್ಬರು ದಂಡೆಯವರೆಗೆ ಯಾರ ಕೈಯನ್ನೂ ಹಿಡಿಯದೆ ಬರಬಹುದೇ ಎಂದು ಒಮ್ಮೆ ನಡೆದು ನೋಡಿ.

ಅಧಿಕಾರಿಗಳಿಗೆ ಬೈದು ಮುಗಿಸಿದರೆ ಬರೆಹ ಓದುವವರಿಗೆ ಹಾಯೆನಿಸುತ್ತದೆ. ಬರುವವರ ಮಾತೂ ಇದೆ. ಬಾದಾಮಿಯ ಮಂಗಗಳು ಹುಟ್ಟುತ್ತಲೇ ಕಳ್ಳರಾದವಲ್ಲ. ಬಾಳೆಹಣ್ಣು, ಕುರುಕುರೆ ಕೊಟ್ಟು ಫೋಟೊ ತೆಗೆಸಿಕೊಂಡವರು ಅವಕ್ಕೆ ಕೈಚೀಲ ಕಸಿಯುವುದನ್ನು ಕಲಿಸಿದರು. ಕಸಿಸಿಕೊಳ್ಳುವವರು ಮಾತ್ರ ಅವರ ಹಿಂದೆ ಬಂದ ಬೇರೆಯವರು. ತಿನಿಸು ಕಾಣದಂತೆ ಇಟ್ಟುಕೊಳ್ಳಿ, ಮೈಮೇಲೆ ಬಂದರೆ ಚೀಲ ಬಿಟ್ಟುಬಿಡಿ. ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಅರಿಶಿನ ಮೆತ್ತಿ ಮನೆಗೆ ಹೋಗಬೇಡಿ. ಹಾವು ಕಚ್ಚಿದರೆ ಕಟ್ಟುವುದೂ ಇಲ್ಲ ಕೊಯ್ಯುವುದೂ ಇಲ್ಲ, ಕೈಕಾಲು ಅಲುಗಾಡಿಸದೆ 108ಕ್ಕೆ ಫೋನು. ಬಂಡೆಯ ಅಡಿಯಲ್ಲಿ ಹೆಜ್ಜೇನು ಕಂಡರೆ ಸಿಗರೇಟೂ ಬೇಡ, ಕಲ್ಲೂ ಬೇಡ, ಕೂಗಾಟವೂ ಬೇಡ. ಮಾರ್ಚ್‌ನಿಂದ ಮೇ ತನಕ ನಮ್ಮ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಮರಳುಗಲ್ಲು ಹೆಂಚಿನಂತೆ ಕಾಯುತ್ತದೆ. ಬೆಂಗಳೂರಿನಿಂದ ಬಂದವರು ಮಧ್ಯಾಹ್ನ ಹನ್ನೆರಡಕ್ಕೆ ಮೆಟ್ಟಿಲು ಹತ್ತುವುದನ್ನು ನೋಡಿದರೆ ಊರವರಿಗೆ ಅಳಬೇಕೋ ನಗಬೇಕೋ ತಿಳಿಯುವುದಿಲ್ಲ.

ಇನ್ನೊಂದು ಸಂಗತಿಯನ್ನು ಯಾವ ಬೋರ್ಡೂ ಬರೆಯುವುದಿಲ್ಲ. ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಊರ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಾರೆ. ಅದು ಅವರ ನಿತ್ಯದ ಕೆಲಸ. ಸೀರೆ ಮೊಣಕಾಲಿಗೆ ಏರಿಸಿಕೊಂಡು ಒಗೆಯುತ್ತಿರುವವರ ಕಡೆ ಉದ್ದದ ಲೆನ್ಸ್ ತಿರುಗಿಸಿ, ಕೇಳದೇ ತೆಗೆದು, ಸಂಜೆಗೆ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಾರೆ. ಜವಾಬ್ದಾರಿಯ ಪ್ರವಾಸ ಎನ್ನುವವರು ಪ್ಲಾಸ್ಟಿಕ್ ಬಾಟಲಿ ಎಣಿಸಿದರೆ ಸಾಲದು. ಆ ಅಕ್ಕನನ್ನು ಕೇಳಿದಿರಾ?

ಕುಡಿತದ ವಿಷಯ. ಗುಡ್ಡದ ಮರೆಯಲ್ಲಿ ಒಡೆದ ಬಾಟಲಿ, ಕಲ್ಲಿಗೆ ಉಗುಳಿದ ಗುಟ್ಕಾ. ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ನಿಮ್ಮ ದುಶ್ಚಟ ಇದರಲ್ಲಿ ಹಾಕಿ ಎಂದು ಬೇಡಿದ ಇಳಕಲ್ಲಿನ ಡಾ. ಮಹಾಂತ ಶ್ರೀಗಳ ಜಿಲ್ಲೆ ಇದು. ಅವರ ಜನ್ಮದಿನ ಆಗಸ್ಟ್ 1ನ್ನು ವ್ಯಸನಮುಕ್ತ ದಿನ ಎಂದು ಸರಕಾರವೇ ಆಚರಿಸುತ್ತದೆ. ಆ ದಿನದ ಭಾಷಣ ಸಭಾಭವನದಲ್ಲಿ ಆಗುವ ಬದಲು ಒಂದು ಗುಡ್ಡದ ಬುಡದಲ್ಲಿ, ಕೈಯಲ್ಲಿ ಗೋಣಿಚೀಲ ಹಿಡಿದು ಆಗಲಿ.

ಶಾಲಾ ಪ್ರವಾಸದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ನಮ್ಮಲ್ಲಿ ಕಡಲಿಲ್ಲ ಎಂದು ಹಗುರಾಗುವಂತಿಲ್ಲ. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆ, ಮಲಪ್ರಭೆ ಕೂಡುವ ನೀರಿದೆ, ಆಲಮಟ್ಟಿ ಹಿನ್ನೀರಿದೆ, ಬನಶಂಕರಿಯ ಹೊಂಡವಿದೆ. ಇಬ್ಬರು ಶಿಕ್ಷಕರ ಕೈಗೆ ಎಂಬತ್ತು ಮಕ್ಕಳನ್ನು ಕೊಟ್ಟು ಒಂದು ದಿನಕ್ಕೆ ಐದು ಊರು ತೋರಿಸುವ ಪ್ರವಾಸ ಪ್ರವಾಸವಲ್ಲ, ಸಾಗಾಟ. ಒಂದೇ ಜಾಗ ಆರಿಸಿ. ಹಿಂದಿನ ವಾರ ಒಬ್ಬರು ಶಿಕ್ಷಕರು ಹೋಗಿ ನೀರು, ನೆರಳು, ಶೌಚಾಲಯ ನೋಡಿ ಬರಲಿ. ಕಾಲು ಎಳೆಯುವ ಹುಡುಗಿಯನ್ನು "ನೀ ಮನ್ಯಾಗ ಇರವಾ" ಎಂದು ಬಿಟ್ಟು ಹೋಗುವುದಾದರೆ ಆ ಜಾಗವನ್ನೇ ಬದಲಿಸಿ.

2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸಿನಲ್ಲಿ ಹೆಣ್ಣುಮಕ್ಕಳು ದುಡ್ಡಿಲ್ಲದೆ ಬರುತ್ತಿದ್ದಾರೆ. ಇಳಕಲ್, ಹುನಗುಂದ ಕಡೆಯ ನೇಯ್ಗೆಯವರು, ಕೂಲಿಯವರು ಬುತ್ತಿ ಕಟ್ಟಿಕೊಂಡು ಬನಶಂಕರಿ, ಬಾದಾಮಿ ನೋಡುತ್ತಾರೆ. ಬಸ್ಸು ಪುಕ್ಕಟೆ ಆದದ್ದು ದೊಡ್ಡ ಮಾತು. ಆದರೆ ಬೀಗ ಹಾಕದ, ನೀರಿರುವ ಶೌಚಾಲಯ ಸಿಗುವುದಿಲ್ಲ ಎಂದು ಬೆಳಗಿನಿಂದ ನೀರೇ ಕುಡಿಯದೆ ಬಿಸಿಲಲ್ಲಿ ತಿರುಗುವ ಹೆಂಗಸರನ್ನು ನಾವು ಎಷ್ಟೋ ಸಲ ಮಾತಾಡಿಸಿದ್ದೇವೆ.

ಅರಣ್ಯ ಇಲಾಖೆಯ ವೃಕ್ಷೋದ್ಯಾನಗಳಿಗೆ ಸಾಲುಮರದ ತಿಮ್ಮಕ್ಕನ ಹೆಸರಿದೆ. ಹುಲಿಕಲ್‌ನಿಂದ ಕುದೂರಿನವರೆಗೆ ಸುಮಾರು 4 ಕಿ.ಮೀ. ರಸ್ತೆಗೆ ಗಂಡನ ಜೊತೆ ನೀರು ಹೊತ್ತು ಆಕೆ ಆಲದ ಮರ ಬೆಳೆಸಿದರು. ಆ ನೆರಳಿಗೆ ಗೇಟಿಲ್ಲ, ಟಿಕೆಟ್ಟಿಲ್ಲ. ಆ ಹೆಸರು ಇಟ್ಟುಕೊಂಡವರ ಬಾಗಿಲ ಅಗಲವನ್ನು ಅಳೆಯುವ ಹಕ್ಕು ನಮಗಿದೆ.

ಅಳೆಯುತ್ತೇವೆ ಕೂಡ. ಈ ವಾರ ಮಾಹಿತಿ ಹಕ್ಕಿನಡಿ ಅರ್ಜಿ ಹಾಕುತ್ತಿದ್ದೇವೆ. ನಮ್ಮ ರಾಜ್ಯದ ನಿಯಮದಂತೆ 150 ಪದದೊಳಗೆ, 10 ರೂಪಾಯಿ ಶುಲ್ಕದೊಂದಿಗೆ. ಜಿಲ್ಲೆಯ ಪ್ರತಿ ಉದ್ಯಾನದ ಗೇಟು ಎಷ್ಟು ಅಗಲ, ರ‍್ಯಾಂಪಿನ ಉದ್ದ ಎತ್ತರ ಎಷ್ಟು, ಶೌಚಾಲಯದ ಕೀಲಿ ಯಾರ ಹತ್ತಿರ ಇರುತ್ತದೆ. ಉತ್ತರಕ್ಕೆ 30 ದಿನ. ಅಷ್ಟರೊಳಗೆ ನಿಮ್ಮೂರಿನ ಉದ್ಯಾನದ ಗೇಟಿಗೆ ಟೇಪು ಹಿಡಿದು ಒಂದು ಫೋಟೊ ಕಳಿಸಿ. ಅವರ ಅಳತೆ, ನಿಮ್ಮ ಅಳತೆ ಪಕ್ಕಪಕ್ಕದಲ್ಲಿ ಹಾಕುತ್ತೇವೆ.